ತೆರೆ, ಮುಚ್ಚು, ಇಲ್ಲವಾದರೆ: ಆಜ್ಞೆಯ ವ್ಯಾಕರಣದ ಕಥೆ

ಶ್ರೀರಂಗಪಟ್ಟಣದ ಸುತ್ತಲಿನ ಗದ್ದೆ ಬಯಲಿನಲ್ಲಿ ನೀರುಗಂಟಿಯನ್ನು ಅರಿಯದವರಿಲ್ಲ. ನಾಲೆಯ ಏರಿಯ ಮೇಲೆ ನಡೆಯುತ್ತ, ಒಂದೊಂದು ತೂಬಿನ ಬಳಿ ನಿಂತು, ಯಾವುದನ್ನು ಎಷ್ಟು ತೆರೆಯಬೇಕು, ಯಾವುದನ್ನು ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಹಿಂದಿನ ಕಾಲದ ನೀರುಗಂಟಿಯ ಕೈಯಲ್ಲಿ ಪುಸ್ತಕವಿರಲಿಲ್ಲ. ಯಾವ ತೂಬಿನಿಂದ ಆರಂಭಿಸಬೇಕು, ಮಳೆ ಬಂದರೆ ಏನು ಮಾಡಬೇಕು, ಮೇಲಿನ ಊರಿನವರ ಸರದಿ ಮುಗಿಯದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅವನ ನೆನಪಿನಲ್ಲಿಯೇ ಇರುತ್ತಿತ್ತು. ಅವನು ಕಾಯಿಲೆ ಬಿದ್ದರೆ ಆ ನೆನಪೂ ಹಾಸಿಗೆ ಹಿಡಿಯುತ್ತಿತ್ತು; ಕೊನೆಯ ಗದ್ದೆ ಒಣಗುತ್ತಿತ್ತು.

ಇಂದು ಗಣಕಯಂತ್ರಗಳ ಜಾಲವನ್ನು ನೋಡಿಕೊಳ್ಳುವ ಎಂಜಿನಿಯರನ ಪಾಡು ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ನಾಲೆಗೆ ತೂಬಿದ್ದಂತೆ ಜಾಲಕ್ಕೆ ರೂಟರ್, ಸ್ವಿಚ್ ಎಂಬ ಪೆಟ್ಟಿಗೆಗಳಿವೆ. ಎಲ್ಲಿಂದ ಬಂದ ಸಂದೇಶ ಯಾವ ಕವಲಿಗೆ ಹೋಗಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುವುದು ಈ ಪೆಟ್ಟಿಗೆಗಳು. ಹತ್ತು ಪೆಟ್ಟಿಗೆಗಳಿದ್ದಾಗ ಒಬ್ಬನು ಒಂದೊಂದರ ಮುಂದೆ ಕುಳಿತು ಆಜ್ಞೆಗಳನ್ನು ಟೈಪು ಮಾಡಬಹುದು. ಸಾವಿರವಿದ್ದರೆ? ಆಗ ಆಜ್ಞೆಗಳನ್ನು ಮೊದಲೇ ಬರೆದಿಟ್ಟು, ಬರಹವೇ ಕೆಲಸ ಮಾಡುವಂತೆ ಮಾಡಬೇಕು. ಇಂಥ ಬರಹಕ್ಕೆ ‘ಸ್ಕ್ರಿಪ್ಟ್’ ಎಂದು ಹೆಸರು. ಆಜ್ಞಾವಳಿ ಎಂದರೂ ಸರಿಯೇ.

ಈ ಆಜ್ಞಾವಳಿಯನ್ನು ತೀರ ಹೊಸ ವಿದ್ಯೆ ಎಂದು ಭಾವಿಸುವವರುಂಟು. ಆದರೆ ದೂರದೂರ ಹರಡಿದ ಸಾಧನಗಳಿಗೆ ‘ಹೀಗಾದರೆ ಹೀಗೆ ಮಾಡು’ ಎಂದು ಮುಂಚಿತವಾಗಿ ವಿಧಿಸಿಡುವ ಪ್ರಯತ್ನ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನೀರಿನ ಇತಿಹಾಸದಲ್ಲಿ ಗಣಕಕ್ಕಿಂತ ಬಹಳ ಹಿಂದಿನಿಂದ ನಡೆದುಬಂದಿದೆ. ಆ ಪ್ರಯತ್ನದ ಗೆಲುವೂ ಸೋಲೂ ಇಂದಿನ ಜಾಲಗಳಿಗೆ ಪಾಠವಾಗಬಲ್ಲವು.

ನೆನಪಿನಲ್ಲಿದ್ದ ನಿಯಮ

ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಗಳನ್ನು ಹಾಕಿ ನಾಲೆ ತೆಗೆಯುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಚಿಕ್ಕದೇವರಾಜ ಒಡೆಯರ (1673–1704) ಹೆಸರು ಹೊತ್ತ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ನದಿಯ ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ, ಇವೆಲ್ಲ ಆ ಪರಂಪರೆಯವು. ಹೇಮಾವತಿಯ ಮೇಲೆ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಮಂದಗೆರೆ, ಹೇಮಗಿರಿ ಕಟ್ಟೆಗಳಿವೆ. ಪಾಂಡವಪುರದ ಬಳಿ ತೊಣ್ಣೂರು ಕೆರೆ ಇದೆ. ನಾಗಮಂಗಲ ಮಾತ್ರ ಹೆಚ್ಚಾಗಿ ಮಳೆಯನ್ನೂ ಕೆರೆಗಳನ್ನೂ ನಂಬಿದ ಒಣ ಸೀಮೆ.

ಈ ಕಟ್ಟೆಗಳಲ್ಲಿ ಒಂದು ವಿಶೇಷವಿದೆ. ಕಟ್ಟೆಯ ಎತ್ತರವೇ ಒಂದು ನಿಯಮ. ನದಿಯ ನೀರು ಆ ಎತ್ತರಕ್ಕೆ ಬರುವವರೆಗೆ ನಾಲೆಗೆ ತಿರುಗುತ್ತದೆ; ಅದನ್ನು ಮೀರಿದ ನೀರು ಕಟ್ಟೆಯ ನೆತ್ತಿಯ ಮೇಲಿಂದ ಹರಿದು ನದಿಗೇ ಸೇರುತ್ತದೆ. ಯಾರೂ ನಿಂತು ನೋಡಬೇಕಾಗಿಲ್ಲ. ಆದರೆ ನಾಲೆಯೊಳಗೆ ಬಂದ ನೀರನ್ನು ಊರೂರಿಗೆ ಹಂಚುವುದು ಹಾಗಲ್ಲ. ಅದಕ್ಕೆ ಮನುಷ್ಯ ಬೇಕು, ವಾಡಿಕೆ ಬೇಕು. ಮೊದಲ ಭಾಗ ಕಲ್ಲಿನಲ್ಲಿಯೂ ಎರಡನೆಯದು ನೀರುಗಂಟಿಯ ತಲೆಯಲ್ಲಿಯೂ ಇತ್ತು. ಮುಂದೆ ಬಂದ ಎಂಜಿನಿಯರರು ಮಾಡಿದ್ದು, ತಲೆಯಲ್ಲಿದ್ದ ನಿಯಮಗಳನ್ನು ಒಂದೊಂದಾಗಿ ಹೊರಗೆ ತರುವ ಕೆಲಸವನ್ನು.

ಕಬ್ಬಿಣದಲ್ಲಿ, ಗಾರೆಯಲ್ಲಿ ಬರೆದ ಆಜ್ಞೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿ ಕೆಲಸದಲ್ಲಿದ್ದಾಗ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಣೆಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರನ್ನು ಹಿಡಿದಿಡಬೇಕು. ಆದರೆ ಪ್ರವಾಹ ಬಂದಾಗ ಕಟ್ಟೆಗೆ ಅಪಾಯವಾಗಬಾರದು. ಇದು ಅವರ ಮುಂದಿದ್ದ ಸಮಸ್ಯೆ. ಪ್ರವಾಹ ನಡುರಾತ್ರಿಯಲ್ಲಿಯೂ ಬರಬಹುದು, ಕಾವಲುಗಾರ ಮಲಗಿರಬಹುದು.

ಅವರು ಕಂಡುಕೊಂಡ ಉಪಾಯದ ತಿರುಳು ಸರಳವಾದದ್ದು. ಬಾಗಿಲನ್ನು ಒಂದು ಭಾರವಾದ ಪ್ರತಿತೂಕ ಹಿಡಿದಿರುತ್ತದೆ. ಆ ತೂಕ ಒಂದು ಬಾವಿಯಂಥ ಗುಂಡಿಯೊಳಗೆ ತೂಗುತ್ತಿರುತ್ತದೆ. ಜಲಾಶಯದ ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದ ಕೂಡಲೇ ಆ ಗುಂಡಿಗೆ ನುಗ್ಗುತ್ತದೆ. ನೀರಿನಲ್ಲಿ ಮುಳುಗಿದ ವಸ್ತು ಹಗುರವಾಗುವುದು ಶಾಲೆಯ ಹುಡುಗರಿಗೂ ಗೊತ್ತು. ಪ್ರತಿತೂಕ ಹಗುರವಾದಾಗ ಸಮತೋಲ ತಪ್ಪಿ ಬಾಗಿಲು ತಾನಾಗಿಯೇ ಸರಿದು ನೀರಿಗೆ ದಾರಿ ಬಿಡುತ್ತದೆ. ಮಟ್ಟ ಇಳಿದು ಗುಂಡಿ ಬರಿದಾದರೆ ತೂಕ ಮತ್ತೆ ಭಾರವಾಗಿ ಬಾಗಿಲು ಮೊದಲಿನ ಸ್ಥಾನಕ್ಕೆ ಮರಳುತ್ತದೆ. ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಯಲ್ಲಿಯೂ ಆ ಬಳಿಕ ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರದಲ್ಲಿಯೂ ಈ ಬಗೆಯ ಬಾಗಿಲುಗಳನ್ನು ಅಳವಡಿಸಲಾಯಿತು. 1911ರ ನವೆಂಬರಿನಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ ಮುಗಿದದ್ದು 1930ರ ದಶಕದ ಆರಂಭದಲ್ಲಿ.

ನಾಗಮಂಗಲದ ಕಡೆಗೆ ಹೋದರೆ ಇದಕ್ಕಿಂತ ಚೋದ್ಯದ ಉದಾಹರಣೆ ಸಿಗುತ್ತದೆ. ನೆರೆಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟೆಯಲ್ಲಿ ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್‌ಗಳಿವೆ. ಇಲ್ಲಿ ಬಾಗಿಲೂ ಇಲ್ಲ, ಪ್ರತಿತೂಕವೂ ಇಲ್ಲ. ಬಾಯಿ ಅಗಲವಾದ ಆಲಿಕೆಯಂಥ ಕೊಳವೆ, ಅದರ ಮೇಲೊಂದು ಗುಮ್ಮಟ. ನೀರು ಆಲಿಕೆಯ ಅಂಚನ್ನು ದಾಟಿದ ಕೂಡಲೇ ಅಲ್ಲಿ ಮಾಡಿರುವ ಸುರುಳಿ ರೆಕ್ಕೆಗಳ ದೆಸೆಯಿಂದ ಸುಳಿಸುಳಿಯಾಗಿ ಇಳಿಯುತ್ತದೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದಂತೆ ಕೊಳವೆ ಪೂರ್ತಿ ತುಂಬಿ ರಭಸದಿಂದ ಹರಿಯತೊಡಗುತ್ತದೆ. ಜಲಾಶಯದ ಮಟ್ಟ ಇಳಿದು ಗುಮ್ಮಟದೊಳಕ್ಕೆ ಮತ್ತೆ ಗಾಳಿ ಹೊಕ್ಕರೆ ಹರಿವು ತಟ್ಟನೆ ನಿಲ್ಲುತ್ತದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲಿಯೂ ಇಂಥ ಸೈಫನ್‌ಗಳಿದ್ದವು. ಲಿಂಗನಮಕ್ಕಿ ಜಲಾಶಯ ತುಂಬಿದ ಮೇಲೆ ಅವು ಮುಳುಗಿದವು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಈಗಲೂ ತಲೆ ಎತ್ತುತ್ತವೆ.

‘ಮಟ್ಟ ಇದನ್ನು ಮೀರಿದರೆ ಹರಿಸು, ಇಳಿದರೆ ನಿಲ್ಲಿಸು’ ಎಂಬುದು ಈ ಗಾರೆಯ ಗುಮ್ಮಟದಲ್ಲಿ ಅಡಗಿರುವ ವಾಕ್ಯ. ಇದರ ಬಲವೂ ಕೊರತೆಯೂ ಒಂದೇ: ವಾಕ್ಯವನ್ನು ತಿದ್ದಲು ಬರುವುದಿಲ್ಲ. ಮಟ್ಟವನ್ನು ಒಂದು ಅಡಿ ಬದಲಿಸಬೇಕೆಂದರೆ ಗಾರೆಯನ್ನೇ ಒಡೆಯಬೇಕು.

ಕಾಗದಕ್ಕೆ ಇಳಿದ ನಿಯಮ

ತಿದ್ದಲು ಬರುವ ನಿಯಮ ಬೇಕಾದರೆ ಅದು ಕಾಗದದ ಮೇಲಿರಬೇಕು. ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ 1924ರ ಫೆಬ್ರವರಿ 18ರಂದು ಆದ ಕಾವೇರಿ ಒಪ್ಪಂದಕ್ಕೆ ಅನುಬಂಧವಾಗಿ ಕೃಷ್ಣರಾಜಸಾಗರದ ನಿರ್ವಹಣಾ ನಿಯಮಗಳನ್ನು ಸೇರಿಸಲಾಗಿತ್ತು. 1921ರ ಜುಲೈನಲ್ಲಿಯೇ ಸಿದ್ಧವಾಗಿದ್ದ ಈ ನಿಯಮಗಳು ಒಂದು ಅರ್ಥದಲ್ಲಿ ಪೂರ್ಣ ಪ್ರಮಾಣದ ಆಜ್ಞಾವಳಿ. ನೂರಾರು ಮೈಲಿ ಕೆಳಗೆ ತಿರುಚಿರಾಪಳ್ಳಿಯ ಬಳಿ ಇರುವ ಮೇಲಣೆಯ ಅಳತೆಕಲ್ಲಿನಲ್ಲಿ ನೀರು ಇಂತಿಷ್ಟು ಅಡಿ ಇರಬೇಕು. ಅಷ್ಟಿದ್ದರೆ ಮಾತ್ರ ಕೃಷ್ಣರಾಜಸಾಗರದಲ್ಲಿ ಹೊಸ ನೀರನ್ನು ತುಂಬಿಸಿಕೊಳ್ಳಬಹುದು ಎಂಬುದು ಅದರ ಬುನಾದಿ. ಆ ಅಡಿಯ ಲೆಕ್ಕ ವರ್ಷವಿಡೀ ಒಂದೇ ಆಗಿರಲಿಲ್ಲ. ತಿಂಗಳುಗಳಿಗೆ ತಕ್ಕಂತೆ ಅಂಕಿಗಳ ಪಟ್ಟಿಯೇ ಇತ್ತು. ಷರತ್ತು, ಪಟ್ಟಿ, ಕ್ರಿಯೆ ಮೂರೂ ಅಲ್ಲಿದ್ದವು. ಒಂದು ಕಡೆಯ ಅಳತೆಯನ್ನು ನೋಡಿ ಇನ್ನೊಂದು ಕಡೆಯ ಬಾಗಿಲನ್ನು ನಡೆಸಬೇಕು ಎಂಬ ಜಾಲದ ತತ್ತ್ವವೂ ಅಲ್ಲಿತ್ತು.

ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಅವರ ಹೆಸರಿತ್ತು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಕಡೆಗೆ ಹರಿಯುವ ಈ ನಾಲೆ ಪಾಂಡವಪುರ, ಅಂದರೆ ಅಂದಿನ ‘ಫ್ರೆಂಚ್ ರಾಕ್ಸ್’ ಸೀಮೆಯ ಬದುಕನ್ನೂ ಬದಲಿಸಿತು. ಇದರ ಅಚ್ಚುಕಟ್ಟಿನಲ್ಲಿ ಮೂರು ವರ್ಷಗಳ ಸರದಿ ಪದ್ಧತಿಯನ್ನು ಗೊತ್ತುಮಾಡಲಾಗಿತ್ತು. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಪಾಲಿನಲ್ಲಿ ಭತ್ತ, ಇನ್ನೊಂದರಲ್ಲಿ ಕಬ್ಬು, ಮತ್ತೊಂದರಲ್ಲಿ ರಾಗಿಯಂಥ ಕಡಿಮೆ ನೀರಿನ ಬೆಳೆ. ಮರುವರ್ಷ ಸ್ಥಾನ ಪಲ್ಲಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೀರಾ ನಾಲೆಗಾಗಿ ವಿಶ್ವೇಶ್ವರಯ್ಯನವರು ಯೋಜಿಸಿದ ಕ್ರಮವೇ ಇದರ ಮೂಲ. ಗಣಕದ ಭಾಷೆಯಲ್ಲಿ ಇದನ್ನು ಪುನರಾವರ್ತನೆ ಎನ್ನುತ್ತಾರೆ: ಪಟ್ಟಿಯ ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸು. ಕಾಲಕ್ರಮೇಣ ಈ ಸರದಿಯ ಕಟ್ಟು ಸಡಿಲವಾಯಿತು. ಕಬ್ಬು, ಭತ್ತಕ್ಕೆ ಬೆಲೆ ಇರುವಾಗ ರಾಗಿಯ ಸರದಿಗೆ ಕಾಯುವ ಮನಸ್ಸು ಎಷ್ಟು ಜನಕ್ಕೆ ಇದ್ದೀತು? ಮೇಲಿನವರು ಹೆಚ್ಚು ಎಳೆದುಕೊಂಡಷ್ಟೂ ಕೊನೆಭಾಗದ ರೈತರಿಗೆ ನೀರು ಕಡಿಮೆಯಾಯಿತು. ಕಾಗದದ ನಿಯಮವನ್ನು ಮನುಷ್ಯರು ಪಾಲಿಸಬೇಕು, ಪಾಲಿಸದೆಯೂ ಇರಬಹುದು.

ಅಕ್ಷರವೇ ಕೆಲಸ ಮಾಡತೊಡಗಿದ್ದು

ಬರೆದ ನಿಯಮ ತಾನಾಗಿಯೇ ಜಾರಿಯಾಗುವ ಮೂರನೆಯ ಹಂತ ಗಣಕದೊಂದಿಗೆ ಬಂತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಫ್ರೆಂಚ್ ತಜ್ಞ ಲೂಯಿ ಪೂಜಾನ್ ಎಂಬವರು ದಿನವೂ ಅವೇ ಆಜ್ಞೆಗಳನ್ನು ಟೈಪು ಮಾಡುವುದು ಬೇಸರವಾಗಿ, ಅವನ್ನು ಒಂದು ಕಡತದಲ್ಲಿ ಬರೆದಿಟ್ಟು ಸಾಲಾಗಿ ನಡೆಸುವ ‘ರನ್‌ಕಾಮ್’ ಎಂಬ ವ್ಯವಸ್ಥೆಯನ್ನು ಮಾಡಿದರು. ಆಜ್ಞೆಗಳನ್ನು ಸ್ವೀಕರಿಸುವ ತಂತ್ರಾಂಶಕ್ಕೆ ‘ಶೆಲ್’ ಎಂಬ ಹೆಸರು ಕೊಟ್ಟವರೂ ಅವರೇ. ಮುಂದೆ ಫ್ರಾನ್ಸಿಗೆ ಮರಳಿ ಅವರು ಕಟ್ಟಿದ ‘ಸಿಕ್ಲಾಡ್’ ಜಾಲದ ವಿಚಾರಗಳು ಇಂದಿನ ಇಂಟರ್‌ನೆಟ್‌ನ ರಚನೆಯನ್ನು ಪ್ರಭಾವಿಸಿದವು. ಆಜ್ಞಾವಳಿ, ಜಾಲ ಎರಡರ ಹುಟ್ಟಿನಲ್ಲಿಯೂ ಒಬ್ಬರೇ ಪಾಲುಗೊಂಡಿದ್ದು ಗಮನಾರ್ಹ.

ಜಾಲದ ಸಾಧನಗಳನ್ನು ದೂರದಿಂದ ನಡೆಸುವ ಅಗತ್ಯ ಮೊದಲು ಕಂಡದ್ದು ದೂರವಾಣಿಯಲ್ಲಿ. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಸ್ವಯಂಚಾಲಿತ ವಿನಿಮಯ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ, ಕರೆಗಳನ್ನು ಕೈಯಿಂದ ಜೋಡಿಸುವ ಆಪರೇಟರರ ಕೆಲಸ ಕ್ರಮೇಣ ಯಂತ್ರಕ್ಕೆ ಹೋಯಿತು. ಭಾರತದ ಹಳ್ಳಿಗಳಿಗೆ ಈ ಸೌಕರ್ಯ ಬಂದದ್ದು ತಡವಾಗಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಧೂಳಿನಲ್ಲಿ, ಬಿಸಿಲಿನಲ್ಲಿ ಕೆಲಸ ಮಾಡಬಲ್ಲ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರೂಪಿಸಿತು. ಅದನ್ನು ಮೊದಲು ಸ್ಥಾಪಿಸಿದ್ದು 1986ರಲ್ಲಿ, ನಮ್ಮ ನಾಡಿನ ಕಿತ್ತೂರಿನಲ್ಲಿ.

ಇಂಥ ವಿದ್ಯುನ್ಮಾನ ವಿನಿಮಯ ಕೇಂದ್ರಗಳಿಗೆ ಆಜ್ಞೆ ಕೊಡುವ ಭಾಷೆಗೂ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಒಂದು ವ್ಯಾಕರಣವನ್ನು ಗೊತ್ತುಮಾಡಿತು. ಮೊದಲು ಕ್ರಿಯೆಯ ಹೆಸರು, ಅನಂತರ ಎರಡು ಚುಕ್ಕೆ, ಆಮೇಲೆ ‘ಇದು=ಇಷ್ಟು’ ಎಂಬಂಥ ವಿವರಗಳು ಅಲ್ಪವಿರಾಮದೊಡನೆ, ಕೊನೆಯಲ್ಲಿ ಅರ್ಧವಿರಾಮ. ‘ಚಂದಾದಾರನನ್ನು ಸೇರಿಸು: ಸಂಖ್ಯೆ=ಇಂಥದು, ಬಗೆ=ಇಂಥದು;’ ಎಂದು ಓದಿಕೊಂಡರೆ ಅದರ ಸ್ವರೂಪ ತಿಳಿಯುತ್ತದೆ. ವಿರಾಮ ಚಿಹ್ನೆ ತಪ್ಪಿದರೆ ಯಂತ್ರ ಒಪ್ಪುವುದಿಲ್ಲ.

ಗಣಕಜಾಲಗಳು ಬೆಳೆದಂತೆ ಎರಡು ದಾರಿಗಳು ಕಾಣಿಸಿಕೊಂಡವು. 1988ರಲ್ಲಿ ಪ್ರಕಟವಾದ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ಸಾಧನಗಳೊಡನೆ ಮಾತನಾಡಲು ಬೆರಳೆಣಿಕೆಯ ಕ್ರಿಯೆಗಳನ್ನು ಕೊಟ್ಟಿತು: ಕೇಳು, ಮುಂದಿನದನ್ನು ಕೇಳು, ಬದಲಿಸು, ಏನಾದರೂ ಕೆಟ್ಟರೆ ಸಾಧನವೇ ಕೂಗಿ ಹೇಳಲಿ. ಇನ್ನೊಂದು ದಾರಿ 1990ರಲ್ಲಿ ಅಮೆರಿಕದ ಡಾನ್ ಲೈಬ್ಸ್ ಬರೆದ ‘ಎಕ್ಸ್‌ಪೆಕ್ಟ್’. ಮನುಷ್ಯನೊಡನೆ ಮಾತ್ರ ಮಾತನಾಡಬಲ್ಲ ಸಾಧನದ ಮುಂದೆ ಇದು ಮನುಷ್ಯನಂತೆಯೇ ನಟಿಸುತ್ತದೆ. ‘ಹೆಸರೇನು’ ಎಂದು ಸಾಧನ ಕೇಳುವವರೆಗೆ ಕಾಯುತ್ತದೆ, ಕೇಳಿದಾಗ ಹೆಸರು ಹೇಳುತ್ತದೆ. ಗುಪ್ತಪದ ಕೇಳಿದಾಗ ಅದನ್ನು ಕೊಡುತ್ತದೆ, ಆಮೇಲೆ ಆಜ್ಞೆ ನೀಡುತ್ತದೆ. ಪರ್ಲ್, ಪೈಥಾನ್ ಮೊದಲಾದ ಭಾಷೆಗಳಲ್ಲಿ ಇಂದು ಜಾಲ ಎಂಜಿನಿಯರರು ಬರೆಯುವ ಎಷ್ಟೋ ಸ್ಕ್ರಿಪ್ಟ್‌ಗಳು ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿದವು.

ವಾಕ್ಯದ ಅಂಗಗಳು

ಹಾಗಾದರೆ ಆಜ್ಞಾವಳಿಯ ಮೂಲ ವ್ಯಾಕರಣವೆಂದರೇನು? ಮೇಲೆ ಹೇಳಿದ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ರೂಟರ್ ಇದೆ, ದಿನವೂ ರಾತ್ರಿ ಅವುಗಳ ವ್ಯವಸ್ಥೆಯ ಒಂದು ಪ್ರತಿಯನ್ನು ತೆಗೆದಿಡಬೇಕಾಗಿದೆ ಎಂದು ಭಾವಿಸಬಹುದು. ಕನ್ನಡದಲ್ಲಿ ಬರೆದರೆ ಆಜ್ಞಾವಳಿ ಹೀಗಿರುತ್ತದೆ:

ಪಟ್ಟಿ = ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ
ಪಟ್ಟಿಯಲ್ಲಿರುವ ಪ್ರತಿ ಊರಿಗೂ:
— ಊರಿನ ರೂಟರನ್ನು ಹೊಗು
— ಹೊಗಲಾಗದಿದ್ದರೆ: ಊರಿನ ಹೆಸರನ್ನು ದೋಷದ ವಹಿಯಲ್ಲಿ ಬರೆ, ಮುಂದಿನ ಊರಿಗೆ ಹೋಗು
— ಈಗಿನ ವ್ಯವಸ್ಥೆಯನ್ನು ಓದು. ದಿನಾಂಕ ಹಾಕಿ ಕಡತದಲ್ಲಿ ಇಡು
— ನಿನ್ನೆಯ ಕಡತಕ್ಕಿಂತ ಭಿನ್ನವಾಗಿದ್ದರೆ: ತಿಳಿಸು
— ಹೊರಡು

ಇದರಲ್ಲಿ ಐದು ಅಂಗಗಳಿವೆ. ಮೊದಲನೆಯದು ಪಟ್ಟಿ: ಯಾರಿಗೆ ಆಜ್ಞೆ ಎಂಬುದು. ಎರಡನೆಯದು ‘ಊರು’ ಎಂಬ ಪದ. ಅದು ಒಮ್ಮೆ ಶ್ರೀರಂಗಪಟ್ಟಣವನ್ನೂ ಮರುಕ್ಷಣ ಪಾಂಡವಪುರವನ್ನೂ ಸೂಚಿಸುತ್ತದೆ. ಗಣಕದವರು ಇದನ್ನು ಚರ ಎನ್ನುತ್ತಾರೆ. ವ್ಯಾಕರಣದ ಸರ್ವನಾಮಕ್ಕೆ ಇದು ಹತ್ತಿರದ ಬಂಧು. ಮೂರನೆಯದು ಕ್ರಿಯೆ. ಕನ್ನಡದಲ್ಲಿ ಧಾತುವೇ ಆಜ್ಞೆಯಾಗುವುದು ಎಲ್ಲರಿಗೂ ಗೊತ್ತು: ತೆರೆ, ಮುಚ್ಚು, ಓದು, ಬರೆ. ಪ್ರತ್ಯಯ ಸೇರದ ಈ ಬರಿಯ ರೂಪವನ್ನೇ ಯಂತ್ರದ ಭಾಷೆಗಳೂ ಬಳಸುತ್ತವೆ; ಯಂತ್ರಕ್ಕೆ ಮರ್ಯಾದೆಯ ಬಹುವಚನ ಬೇಕಿಲ್ಲ. ನಾಲ್ಕನೆಯದು ಷರತ್ತು. ಕನ್ನಡ ‘ಅರೆ’ ಎಂಬ ಪ್ರತ್ಯಯದಿಂದ ‘ಬಂದರೆ, ಹೋದರೆ, ಇಲ್ಲವಾದರೆ’ ಎಂದು ಮಾಡುವ ಕೆಲಸವನ್ನು ಅಲ್ಲಿ ಬೇರೆಯ ಪದಗಳು ಮಾಡುತ್ತವೆ. ಐದನೆಯದು ದಾಖಲೆ: ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಬರೆದಿಡುವುದು. ಹೊಸದಾಗಿ ಕಲಿಯುವವರು ಮರೆಯುವುದು ಹೆಚ್ಚಾಗಿ ಇದನ್ನೇ.

ಚಿಹ್ನೆಗಳ ಮಾತೂ ಇದೆ. ‘ಮೊದಲ ತೂಬು ತೆರೆದಿದ್ದರೆ ಎರಡನೆಯದನ್ನು ಮುಚ್ಚು, ಮೂರನೆಯದನ್ನು ತೆರೆ’ ಎಂದು ಒಬ್ಬ ಮೇಸ್ತ್ರಿ ಹೇಳಿದರೆ, ಮೂರನೆಯದನ್ನು ಯಾವಾಗಲೂ ತೆರೆಯಬೇಕೆ, ಮೊದಲನೆಯದು ತೆರೆದಿದ್ದಾಗ ಮಾತ್ರವೇ? ಅನುಭವಿ ನೀರುಗಂಟಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಅನುಮಾನ ಬಂದರೆ ಕೇಳುತ್ತಾನೆ. ಯಂತ್ರ ಕೇಳುವುದಿಲ್ಲ. ಆದ್ದರಿಂದಲೇ ಕೆಲವು ಭಾಷೆಗಳು ಷರತ್ತಿಗೆ ಸೇರಿದ ಸಾಲುಗಳನ್ನು ಆವರಣ ಚಿಹ್ನೆಯೊಳಗೆ ಕಟ್ಟುತ್ತವೆ. 1991ರಲ್ಲಿ ಬಂದ ಪೈಥಾನ್, ಸಾಲಿನ ಆರಂಭದಲ್ಲಿ ಬಿಟ್ಟ ಖಾಲಿ ಜಾಗದಿಂದಲೇ ಇದನ್ನು ತಿಳಿಸುತ್ತದೆ. ಸಾಲು ಎಲ್ಲಿಂದ ಆರಂಭವಾಗುತ್ತದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ.

‘ತೆರೆ’ ಎಂಬುದಕ್ಕೂ ‘ತೆರೆದಿರಲಿ’ ಎಂಬುದಕ್ಕೂ

ಇಷ್ಟು ಕಲಿತವನು ನೂರು ಪೆಟ್ಟಿಗೆಗಳನ್ನು ಒಟ್ಟಿಗೆ ನಡೆಸಬಲ್ಲ. ಆದರೆ ಒಂದು ಸೂಕ್ಷ್ಮ ಉಳಿಯುತ್ತದೆ. ‘ಬಾಗಿಲನ್ನು ಎರಡು ಸುತ್ತು ತೆರೆ’ ಎಂಬ ಆಜ್ಞೆಯನ್ನು ಕಳುಹಿಸಿದಾಗ ನಡುವೆ ತಂತಿ ಕಡಿದು, ಆಜ್ಞೆ ತಲುಪಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಕಳುಹಿಸಿದರೆ ಬಾಗಿಲು ನಾಲ್ಕು ಸುತ್ತು ತೆರೆದಿರುತ್ತದೆ. ಅದೇ ‘ಬಾಗಿಲು ಎರಡು ಸುತ್ತು ತೆರೆದಿರಲಿ’ ಎಂದು ಹೇಳಿದ್ದರೆ ಹತ್ತು ಸಲ ಕಳುಹಿಸಿದರೂ ಹಾನಿಯಿಲ್ಲ. ಮೊದಲನೆಯದು ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ಎರಡನೆಯದು ತಲುಪಬೇಕಾದ ಸ್ಥಿತಿಯನ್ನು. ಈಗಾಗಲೇ ಆ ಸ್ಥಿತಿಯಲ್ಲಿದ್ದರೆ ಯಂತ್ರ ಸುಮ್ಮನಿರುತ್ತದೆ.

ಗಣಕ ಲೋಕದಲ್ಲಿ ಈ ವಿಚಾರಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1993ರಲ್ಲಿ. ನಾರ್ವೆಯ ಆಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಎಂಬ ವಿಜ್ಞಾನಿ ಬರೆದ ‘ಸಿಎಫ್‌ಎಂಜಿನ್’ ಎಂಬ ತಂತ್ರಾಂಶ, ಯಂತ್ರ ಹೇಗಿರಬೇಕೆಂದು ಹೇಳಿದರೆ ಸಾಕು, ಕೆಟ್ಟಾಗಲೆಲ್ಲ ಅದನ್ನು ಆ ಸ್ಥಿತಿಗೆ ಮರಳಿ ತರುತ್ತದೆ. 2012ರಲ್ಲಿ ಬಂದು ಇಂದು ಜಾಲ ನಿರ್ವಹಣೆಯಲ್ಲಿ ಬಹಳ ಬಳಕೆಯಲ್ಲಿರುವ ‘ಆನ್ಸಿಬಲ್’ ಕೂಡ ಅದೇ ಪಂಥದ್ದು.

ಮಾರ್ಕೋನಹಳ್ಳಿಯ ಸೈಫನನ್ನು ಈಗ ಮತ್ತೆ ನೆನೆಯಬಹುದು. ‘ಇಷ್ಟು ನೀರು ಬಿಡು’ ಎಂದು ಅದಕ್ಕೆ ಯಾರೂ ಹೇಳಿಲ್ಲ. ‘ಮಟ್ಟ ಇದನ್ನು ಮೀರದಿರಲಿ’ ಎಂಬುದಷ್ಟೇ ಅದರ ಧರ್ಮ. ಎಷ್ಟು ಹೊತ್ತು ಹರಿಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನೀರೇ ನಿರ್ಣಯಿಸುತ್ತದೆ. ಆಸ್ಲೋದ ತಂತ್ರಾಂಶದ ತತ್ತ್ವವನ್ನು ಮೈಸೂರಿನ ಎಂಜಿನಿಯರರು ದಶಕಗಳ ಮೊದಲೇ ಗಾರೆಯಲ್ಲಿ ಕಟ್ಟಿದ್ದರು ಎನ್ನಬಹುದು.

ತಪ್ಪೂ ಅಷ್ಟೇ ವೇಗವಾಗಿ ಹರಡುತ್ತದೆ

ನೀರುಗಂಟಿ ತಪ್ಪು ಮಾಡಿದರೆ ಒಂದು ತೂಬು ಕೆಡುತ್ತದೆ. ಆಜ್ಞಾವಳಿ ತಪ್ಪಿದರೆ ಪಟ್ಟಿಯಲ್ಲಿದ್ದ ಎಲ್ಲವೂ ಒಂದೇ ಕ್ಷಣದಲ್ಲಿ ಕೆಡುತ್ತವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಸೇವೆಗಳು ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದದ್ದು ಹೀಗೆಯೇ. ಜಾಲದ ಸಾಮರ್ಥ್ಯವನ್ನು ಅಳೆಯಲೆಂದು ಕೊಟ್ಟ ಒಂದು ಆಜ್ಞೆ ಅದರ ಬೆನ್ನೆಲುಬಿನ ಸಂಪರ್ಕಗಳನ್ನೆಲ್ಲ ಕಡಿಯಿತು. ಇಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ಪರೀಕ್ಷಕ ತಂತ್ರಾಂಶದಲ್ಲಿಯೇ ದೋಷವಿತ್ತು. ಜಾಲವೇ ಬಿದ್ದುಹೋದ್ದರಿಂದ ದೂರದಿಂದ ಸರಿಪಡಿಸುವ ದಾರಿಯೂ ಮುಚ್ಚಿತು. ಮನುಷ್ಯರೇ ಯಂತ್ರಗಳ ಬಳಿಗೆ ಹೋಗಬೇಕಾಯಿತು.

ಇಂಥ ಅಪಾಯಕ್ಕೆ ಒಂದು ಜಾಣ ಪರಿಹಾರ 2006ರಲ್ಲಿ ಪ್ರಕಟವಾದ ‘ನೆಟ್‌ಕಾನ್ಫ್’ ನಿಯಮಾವಳಿಯಲ್ಲಿದೆ. ಸಾಧನದಲ್ಲಿ ಬದಲಾವಣೆ ಮಾಡಿದ ಮೇಲೆ, ಬೇರೆ ಅವಧಿಯನ್ನು ಹೇಳಿರದಿದ್ದರೆ, 600 ಸೆಕೆಂಡುಗಳೊಳಗೆ ‘ಸರಿಯಿದೆ’ ಎಂದು ಖಚಿತಪಡಿಸಬೇಕು. ಆ ಮಾತು ಬರದಿದ್ದರೆ ಸಾಧನ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ. ತಪ್ಪು ಆಜ್ಞೆ ಕೊಟ್ಟು ತಾನೇ ಹೊರಗೆ ಸಿಕ್ಕಿಕೊಂಡ ಎಂಜಿನಿಯರ್ ಹತ್ತು ನಿಮಿಷ ಕಾದರೆ ಬಾಗಿಲು ಮತ್ತೆ ತೆರೆಯುತ್ತದೆ. ಹಿಂದಿನ ವ್ಯವಸ್ಥೆಯ ಪ್ರತಿಯನ್ನು ದಿನವೂ ತೆಗೆದಿಡಬೇಕೆಂಬುದರ ಹಿಂದಿರುವುದೂ ಇದೇ ವಿವೇಕ.

ಕಬ್ಬಿಣ ಸವೆದರೆ ಯಾವ ವ್ಯಾಕರಣವೂ ಕಾಪಾಡದು ಎಂಬುದನ್ನು ತುಂಗಭದ್ರಾ ಅಣೆಕಟ್ಟೆ ತೋರಿಸಿತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಣಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆದು ತುಂಬಿದ ಜಲಾಶಯದ ನೀರನ್ನು ಹೊರಬಿಡಬೇಕಾಯಿತು. ತಾತ್ಕಾಲಿಕ ತಡೆಬಾಗಿಲು ಕೂರಿಸಲು ಸುಮಾರು ಒಂದು ವಾರ ಹಿಡಿಯಿತು.

‘ಇಲ್ಲವಾದರೆ’ ಎಂಬ ಸಾಲು

ನೀರಿನ ಜಾಲವೂ ಗಣಕದ ಜಾಲವೂ ಈಗ ಒಂದಾಗುತ್ತಿವೆ. ಕೃಷ್ಣಾ ಕಣಿವೆಯ ನಾರಾಯಣಪುರ ಎಡದಂಡೆ ನಾಲೆಯಲ್ಲಿ ನೀರಿನ ಮಟ್ಟವನ್ನು ಅಳೆದು ದೂರದ ನಿಯಂತ್ರಣ ಕೇಂದ್ರದಿಂದ ಬಾಗಿಲುಗಳನ್ನು ನಡೆಸುವ ‘ಸ್ಕಾಡಾ’ ವ್ಯವಸ್ಥೆಯನ್ನು ಅಳವಡಿಸಲಾಯಿತು. ಸುಮಾರು 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ಈ ಆಧುನೀಕರಣ ಯೋಜನೆಯ ಉದ್ಘಾಟನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ನಡೆಯಿತು. ಅಲ್ಲಿ ತೂಬಿನ ಬಾಗಿಲೂ ಜಾಲದ ಒಂದು ಸಾಧನ. ಅದಕ್ಕೂ ಪಟ್ಟಿ, ಷರತ್ತು, ಕ್ರಿಯೆ, ದಾಖಲೆ ಬೇಕು. ನಾಲೆಯ ಕೊನೆಭಾಗಕ್ಕೆ ನೀರು ಮುಟ್ಟಿಸಬೇಕೆಂಬುದು ಇಂಥ ಯೋಜನೆಗಳ ಮುಖ್ಯ ಆಶಯ.

ಕಾವೇರಿ ಕಣಿವೆಯ ಅನುಭವ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುತ್ತದೆ. 1924ರ ನಿಯಮಗಳು ನೀರು ಸಾಕಷ್ಟಿದ್ದ ವರ್ಷ ತೊಡಕಿಲ್ಲದೆ ನಡೆಯುವಂಥವು. ಜಗಳ ಬಂದದ್ದೆಲ್ಲ ಮಳೆ ಕೈಕೊಟ್ಟ ವರ್ಷಗಳಲ್ಲಿ. 2007ರ ಫೆಬ್ರವರಿ 5ರ ನ್ಯಾಯಮಂಡಳಿಯ ಐತೀರ್ಪು ತಿಂಗಳು ತಿಂಗಳಿನ ಲೆಕ್ಕವನ್ನು ಕೊಟ್ಟಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಡಿ ಎಂದು ಗೊತ್ತುಮಾಡಿತು. ಮಳೆ ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂಬ ಮಾತೂ ಐತೀರ್ಪಿನಲ್ಲಿದೆ. ಆದರೆ ಮುಂಗಾರು ಇನ್ನೂ ನಡೆದಿರುವಾಗಲೇ ಆ ಕೊರತೆಯನ್ನು ಅಳೆಯುವುದು ಹೇಗೆ, ಈ ವಾರ ಬಾಗಿಲನ್ನು ಎಷ್ಟು ತೆರೆಯಬೇಕು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಒಪ್ಪುವ ಸಾಲು ಬರೆದಾಗಿರಲಿಲ್ಲ. 2012, 2016, 2023ರಲ್ಲಿ ಮಂಡ್ಯದ ರಸ್ತೆಗಳಲ್ಲಿ ರೈತರು ಕುಳಿತದ್ದು ಆ ಬರೆಯದ ಸಾಲಿಗಾಗಿ. ಆಜ್ಞಾವಳಿಯಲ್ಲಿ ‘ಆದರೆ’ ಎಂಬುದನ್ನು ಬರೆದು ‘ಇಲ್ಲವಾದರೆ’ ಎಂಬುದನ್ನು ಅರ್ಧಕ್ಕೆ ಬಿಟ್ಟರೆ ಆಗುವುದು ಹೀಗೆ.

ಜಾಲದ ಎಂಜಿನಿಯರರಿಗೆ ಇದು ಚಿರಪರಿಚಿತ. ಎಲ್ಲ ಸರಿಯಿದ್ದಾಗ ನಡೆಯುವ ಸ್ಕ್ರಿಪ್ಟ್ ಬರೆಯಲು ಒಂದು ಗಂಟೆ ಸಾಕು. ಒಂದು ರೂಟರ್ ಉತ್ತರಿಸದಿದ್ದರೆ, ಅರ್ಧ ಕೆಲಸವಾಗಿ ತಂತಿ ಕಡಿದರೆ, ಗುಪ್ತಪದ ಬದಲಾಗಿದ್ದರೆ ಏನು ಮಾಡಬೇಕೆಂದು ಯೋಚಿಸಿ ಬರೆಯಲು ದಿನಗಳೇ ಬೇಕು. ಕೆಲಸದ ಬಹುಪಾಲು ‘ಇಲ್ಲವಾದರೆ’ ಎಂಬುದರಲ್ಲಿಯೇ ಇದೆ. ಅದನ್ನು ಬರೆಯುವವನು ಪಟ್ಟಿಯ ಮೊದಲ ಊರನ್ನಷ್ಟೇ ಅಲ್ಲದೆ ಕೊನೆಯ ಊರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೃಷ್ಣರಾಜಸಾಗರದ ನೀರು ಕಡಿಮೆಯಾದ ವರ್ಷ ಇಂದಿಗೂ ವಿಶ್ವೇಶ್ವರಯ್ಯ ನಾಲೆಯಲ್ಲಿ ‘ಕಟ್ಟು ಪದ್ಧತಿ’ ಜಾರಿಗೆ ಬರುತ್ತದೆ: ಇಷ್ಟು ದಿನ ನೀರು, ಇಷ್ಟು ದಿನ ನಿಲುಗಡೆ. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಅದನ್ನು ತೀರ್ಮಾನಿಸುತ್ತಾರೆ, ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಹೇಮಾವತಿಯ ನಾಲೆಯ ನೀರಿಗಾಗಿ ಕಾಯುವ ನಾಗಮಂಗಲದ ಕೆರೆಗಳ ಅಂಗಳದಲ್ಲಿಯೂ ಅಂಥದೇ ಲೆಕ್ಕಾಚಾರ ನಡೆದಿರುತ್ತದೆ. ನಾಳೆ ಈ ನಾಲೆಗಳ ಬಾಗಿಲುಗಳಿಗೂ ಆಜ್ಞಾವಳಿ ಬರಬಹುದು. ಆಗ ಅದನ್ನು ಬರೆಯಲು ಕುಳಿತವರು ಹಳೆಯ ನೀರುಗಂಟಿಯೊಬ್ಬನನ್ನು ಕೂರಿಸಿಕೊಂಡು, ಮಳೆ ಬಾರದ ವರ್ಷ ಅವನು ಮೊದಲು ಯಾವ ತೂಬನ್ನು ಮುಚ್ಚುತ್ತಿದ್ದನೆಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.